ನಾಲ್ಕನೇ ರೂಮಿನ ರಾಗ

ಅಮ್ಮ ಹೊರಗಿನಿಂದ ಬಾಗಿಲ ಕೀಲಿ ತೆಗೆಯುವುದಕ್ಕೂ ಬಟನ್ ತನ್ನ ಗಾಲಿಯೊಳಗೆ ಹತ್ತಿ ಓಡಲು ಶುರುಮಾಡುವುದಕ್ಕೂ ಸರಿಹೋಯಿತು. ಅಜ್ಜಿಯ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಹಿಂದಿನಿಂದ, ಕಿರಿಕ್ ಕಿರಿಕ್ ಎಂಬ ಸದ್ದು ಎದ್ದಿತು.

"ಅಜ್ಜೀ, ಮಿಷನ್ ತುಳಿ," ಎಂದು ಪಿಟ್ಟಿ ಪಿಸುಗುಟ್ಟಿದಳು.

"ಬಟ್ಟೆ ಇಲ್ದೆ ಏನಂತ ತುಳೀಲಿ?"

"ಸುಮ್ನೆ ತುಳಿ ಅಜ್ಜಿ. ಅಮ್ಮ ಬಂದ್ಲು."

ಅಜ್ಜಿ ತುಳಿದಳು. ಬಟ್ಟೆ ಇಲ್ಲ, ದಾರ ಇಲ್ಲ, ಸೂಜಿಯೊಂದು ಸುಮ್ಮನೆ ಮೇಲೆ ಕೆಳಗೆ ಕುಣಿಯತೊಡಗಿತು. ಅಮ್ಮ ಚಪ್ಪಲಿ ಬಿಟ್ಟು, ಚೀಲವನ್ನು ಮೊಳೆಗೆ ಸಿಕ್ಕಿಸಿ, ಎಂದಿನಂತೆ ನೇರವಾಗಿ ಬಚ್ಚಲಿಗೆ ಹೋದಳು. ಲ್ಯಾಬಿನಲ್ಲಿ ಕೆಲಸ ಮುಗಿಸಿದ ಮೇಲೆ ಅಲ್ಲೇ ಒಮ್ಮೆ ಸ್ನಾನ ಮಾಡಿ ಬಂದಿರುತ್ತಾಳೆ. ಮನೆಗೆ ಬಂದು ಇನ್ನೊಮ್ಮೆ ಮಾಡುತ್ತಾಳೆ. ಅವಳ ಸೋಪಿಗೆ ಪರಿಮಳವೇ ಇಲ್ಲ. ಆ ಮನೆಯಲ್ಲಿ ಸೆಂಟು, ಪೌಡರು, ಊದುಬತ್ತಿ ಯಾವುದೂ ಇಲ್ಲ. ಅಮ್ಮನ ಇಲಿಗಳಿಗೆ ವಾಸನೆ ಆಗಿಬರುವುದಿಲ್ಲ.

ನೀರಿನ ಸದ್ದು ಕೇಳಿದ ಮೇಲೆ ಅಜ್ಜಿ ಕಾಲು ನಿಲ್ಲಿಸಿದಳು. "ಈ ವಯಸ್ಸಲ್ಲಿ ನನ್ನ ಕೈಲಿ ಕಳ್ಳತನ ಮಾಡಿಸ್ತೀಯಲ್ಲ ಕಣೆ. ಅದೂ ಒಂದು ಇಲಿಗೋಸ್ಕರ."

"ಇಲಿ ಅಲ್ಲ ಅಜ್ಜಿ, ಹ್ಯಾಮ್‌ಸ್ಟರ್."

"ಹಲ್ಲು ನೋಡಿದ್ರೆ ಗೊತ್ತಾಗಲ್ವಾ ಯಾವ ವಂಶ ಅಂತ?"

ಬಟನ್ ಐದನೇ ಕ್ಲಾಸಿನ ಹ್ಯಾಮ್‌ಸ್ಟರ್. ಕಂದು ಬೆನ್ನು, ಬಿಳಿ ಹೊಟ್ಟೆ, ಅಂಗಿಯ ಗುಂಡಿಯಂಥ ಕಪ್ಪು ಕಣ್ಣು. ವಾರವಿಡೀ ಕಿಟಕಿಯ ಪಕ್ಕದ ಮೇಜಿನ ಮೇಲಿರುತ್ತದೆ. ಶನಿವಾರ ಬಂದರೆ ಹಾಜರಿ ನಂಬರಿನ ಪ್ರಕಾರ ಒಬ್ಬರ ಮನೆಗೆ ಹೋಗುತ್ತದೆ. ಸೋಮವಾರ ಆ ಮನೆಯವರು ಬಟನ್ ಏನು ತಿಂದಿತು, ಎಷ್ಟು ಓಡಿತು, ಸೋಫಾದ ಕೆಳಗೆ ಹೋಗಿ ಎಷ್ಟು ಗೋಳು ಹುಯ್ದುಕೊಂಡಿತು ಎಂದು ಕ್ಲಾಸಿಗೆಲ್ಲ ಹೇಳುತ್ತಾರೆ.

ಪಿಟ್ಟಿಯ ಸರದಿ ಎರಡು ತಿಂಗಳ ಹಿಂದೆಯೇ ಬಂದಿತ್ತು. ಆಗ ಅಮ್ಮ ಟೀಚರಿಗೆ ಚೀಟಿ ಕಳಿಸಿದ್ದಳು. 'ನಮ್ಮ ಮನೆಗೆ ಬೇಡ. ನನ್ನ ಕೆಲಸದ ನಿಯಮ.' ಅಷ್ಟೇ ಬರೆದಿದ್ದಳು. ಅಮ್ಮ ಚೀಟಿ ಬರೆದರೂ ಔಷಧಿ ಬಾಟಲಿಯ ಮೇಲೆ ಬರೆದ ಹಾಗೇ ಇರುತ್ತದೆ.

ಆವತ್ತು ಕನ್ನಡಕ ಎದ್ದು ನಿಂತಿದ್ದ. ಕ್ಲಾಸಿನಲ್ಲಿ ಕನ್ನಡಕ ಹಾಕುವವರು ನಾಲ್ಕು ಜನ ಇದ್ದಾರೆ. ಆದರೆ ಮಾತಾಡುವ ಮುಂಚೆ ಅದನ್ನು ತೆಗೆದು ಒರೆಸಿಕೊಳ್ಳುವವನು ಅವನೊಬ್ಬನೇ. ಹಾಗಾಗಿ ಹೆಸರು ಅವನಿಗೇ ಅಂಟಿತ್ತು. "ಕಳಿಸದೇ ಇದ್ದಿದ್ದೇ ಒಳ್ಳೇದಾಯ್ತು ಟೀಚರ್. ಅವಳ ಅಮ್ಮ ಲ್ಯಾಬಲ್ಲಿ ಇಲಿಗಳಿಗೆ ಸೂಜಿ ಚುಚ್ಚಿ ಸಾಯಿಸ್ತಾರೆ. ಬಟನ್ ವಾಪಸ್ ಬರ್ತಾ ಇರ್ಲಿಲ್ಲ."

ಟೀಚರ್ ಅವನನ್ನು ಗದರಿಸಿ ಕೂರಿಸಿದರು. ಆದರೆ ಮಾತು ಎಲ್ಲರ ಕಿವಿಗೂ ಬಿದ್ದಾಗಿತ್ತು. ಬಾಯಿ ಬಿಟ್ಟರೆ ಪಿಟಿಪಿಟಿ ಎಂದು ನಿಲ್ಲಿಸದೆ ಮಾತಾಡುತ್ತಾಳೆಂದೇ ಅಜ್ಜಿ ಅವಳಿಗೆ ಪಿಟ್ಟಿ ಎಂದು ಹೆಸರಿಟ್ಟಿದ್ದು. ಆ ದಿನ ಮಾತ್ರ ಅವಳು ತುಟಿ ಬಿಚ್ಚಲಿಲ್ಲ. ಯಾಕೆಂದರೆ ಅಮ್ಮ ಅಲ್ಲಿ ಏನು ಮಾಡುತ್ತಾಳೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದಾಗೆಲ್ಲ ಅಮ್ಮ, "ನೋಡ್ಕೊಳ್ತೀನಿ," ಎನ್ನುತ್ತಿದ್ದಳು. ಶಾಲೆಯ ಫಾರಂನಲ್ಲಿ ಅಪ್ಪನ ಕೆಲಸ ಒಂದು ಗೆರೆಯಲ್ಲಿ ಮುಗಿಯುತ್ತದೆ: ಬಸ್ ಡ್ರೈವರ್. ದೂರದೂರಿನ ಬಸ್ಸು, ಮನೆಗೆ ಬರುವುದು ವಾರಕ್ಕೊಮ್ಮೆ. ಅಮ್ಮನದು 'ಸೀನಿಯರ್ ಆ್ಯನಿಮಲ್ ಕೇರ್ ಟೆಕ್ನಿಷಿಯನ್'. ಅದು ಗೆರೆಯಿಂದ ಹೊರಗೆ ಬಂದು, ಮುಂದಿನ ಗೆರೆಗೆ ಇಳಿದು, ಅಂಚಿನಲ್ಲಿ ಮುದುಡಿಕೊಂಡು ಕೂರುತ್ತದೆ.

ಈ ಸಲ ಶಾಲೆಗೆ ಬಣ್ಣ ಬಳಿಯುತ್ತಾರೆಂದು ಸೋಮವಾರ, ಮಂಗಳವಾರವೂ ರಜೆ ಕೊಟ್ಟಿದ್ದರು. ಬಟನ್ನನ್ನು ನಾಲ್ಕು ದಿನ ಯಾರು ನೋಡಿಕೊಳ್ಳುತ್ತೀರಿ ಎಂದು ಟೀಚರ್ ಕೇಳಿದಾಗ ಮೊದಲು ಎದ್ದ ಕೈ ಪಿಟ್ಟಿಯದು. ಒಪ್ಪಿಗೆ ಚೀಟಿಯಲ್ಲಿ 'ಮನೆಯವರ ಸಹಿ' ಎಂದಿತ್ತು. ಅಜ್ಜಿ ಮನೆಯವಳೇ ಅಲ್ಲವೆ? ಸಹಿ ಮಾಡು ಎಂದರೆ ಅಜ್ಜಿಗೂ ಖುಷಿ. ಅವಳ ಸಹಿಯ ಕೊನೆಯಲ್ಲಿ ಎರಡು ಸುಳಿ ಬರುತ್ತವೆ. ಟೀಚರ್ ಆ ಸುಳಿ ನೋಡಿಯೇ ಒಪ್ಪಿಕೊಂಡಿರಬೇಕು.

ಬಟನ್ ನಾಲ್ಕು ದಿನ ತನ್ನ ಮನೆಯಲ್ಲಿ ಚೆನ್ನಾಗಿದ್ದು ಕ್ಲಾಸಿಗೆ ವಾಪಸ್ ಹೋಗಬೇಕು. ಪಿಟ್ಟಿಗೆ ಬೇಕಾಗಿದ್ದುದು ಅಷ್ಟೇ.

ಭಾನುವಾರ ಅಮ್ಮನಿಗೆ ರಜೆ. ಹಗಲಿಡೀ ಬಟನ್ ಮುದುರಿಕೊಂಡು ಮಲಗಿದ್ದರಿಂದ ಗುಟ್ಟು ರಟ್ಟಾಗಲಿಲ್ಲ. ಬೆಳಗ್ಗೆ ಅಮ್ಮ ಅಡುಗೆಮನೆ ಗುಡಿಸಿ, ಆಮೇಲೆ ನಡುಮನೆ, ಆಮೇಲೆ ಬಚ್ಚಲು ತೊಳೆದಳು. ಯಾವತ್ತೂ ಅದೇ ಕ್ರಮ. ಶುದ್ಧ ಇರುವ ಕಡೆಯಿಂದ ಕೊಳೆ ಇರುವ ಕಡೆಗೆ ಹೋಗಬೇಕು, ಒಮ್ಮೆ ಹೋದರೆ ಹಿಂದಕ್ಕೆ ಬರಬಾರದು. ಲ್ಯಾಬಿನ ಅಭ್ಯಾಸ. ಬಚ್ಚಲು ತೊಳೆದ ಮೇಲೆ ಅಡುಗೆಮನೆಯಿಂದ ಏನಾದರೂ ಬೇಕಾದರೆ ಹೊಸ್ತಿಲ ಆಚೆ ನಿಂತು ಅಜ್ಜಿಯನ್ನು ಕೂಗುತ್ತಾಳೆ.

ಕೊನೆಗೆ ಪಿಟ್ಟಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ತನ್ನದೇ ಬಾಚಣಿಗೆಯಲ್ಲಿ.

"ಇದೇನೇ ತಲೇಲಿ ಮರದ ಹೊಟ್ಟು?"

ಬೆಳಗ್ಗೆ ಎಲ್ಲರೂ ಏಳುವ ಮುಂಚೆ ಬಟನ್ ಪಿಟ್ಟಿಯ ಹೆಗಲ ಮೇಲೆ ಹತ್ತಿ, ಜಡೆಯೊಳಗೆ ನುಗ್ಗಿ, ಮೂಸಿ, ಒಮ್ಮೆ ಸೀನಿತ್ತು. "ಪೆನ್ಸಿಲ್ ಕೆತ್ತಿದ್ದೆ," ಅಂದಳು.

"ತಲೆ ಮೇಲೆ ಇಟ್ಕೊಂಡು ಕೆತ್ತಿದ್ಯಾ?" ಎಂದು ಅಮ್ಮ ನಕ್ಕಳು. ಹೊಟ್ಟನ್ನು ಬೆರಳಲ್ಲಿ ತೆಗೆದು ಕಸದ ಬುಟ್ಟಿಗೆ ಹಾಕಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿ, "ಮಂಗಳವಾರ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾ?" ಎಂದು ಅಮ್ಮನನ್ನು ಕೇಳಿದಳು.

"ಮಂಗಳವಾರ ಆಗಲ್ಲ ಅತ್ತೆ. ನಾಲ್ಕನೇ ರೂಮು ಮುಗಿಯೋ ದಿನ."

ನಾಲ್ಕನೇ ರೂಮು ಪಿಟ್ಟಿಗೆ ಗೊತ್ತು. ನಲವತ್ತು ಬಿಳಿ ಇಲಿಗಳು. ಉಸಿರಾಟದ ಕಾಯಿಲೆಗೆ ಹೊಸ ಔಷಧಿ ಹುಡುಕುತ್ತಿರುವವರು ಅವುಗಳಿಗೆ ಅದನ್ನು ಕೊಟ್ಟು ನೋಡುತ್ತಿದ್ದಾರೆ. ಹದಿನೇಳನೇ ನಂಬರಿನದು ಮಹಾ ತರಲೆ. ತನ್ನ ತಿಂಡಿ ಬಚ್ಚಿಟ್ಟು ಪಕ್ಕದವನದಕ್ಕೆ ಕೈ ಹಾಕುತ್ತದೆ, ಅಮ್ಮನ ಕೈಗವಸಿನ ತುದಿ ಹಿಡಿದು ಎಳೆಯುತ್ತದೆ. ಅದರ ಕತೆಯನ್ನು ಅಮ್ಮ ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದಾಳೆ.

"ಮುಗಿಯೋದು ಅಂದ್ರೆ?" ಪಿಟ್ಟಿ ಕೇಳಿದಳು.

ಅಮ್ಮ ತಟ್ಟೆ ನೋಡಿದಳು, ಆಮೇಲೆ ಪಿಟ್ಟಿಯನ್ನು ನೋಡಿದಳು. "ನಿಂಗೆ ಹತ್ತು ವರ್ಷ ಆಯ್ತಲ್ಲ. ಹೇಳ್ತೀನಿ. ಔಷಧಿ ಒಳಗೆ ಏನು ಮಾಡಿದೆ ಅಂತ ನೋಡ್ಬೇಕಾಗ್ತದೆ. ಅದಕ್ಕೆ ಅವುಗಳಿಗೆ ನಿದ್ದೆ ಬರಿಸ್ತೀವಿ. ಮತ್ತೆ ಏಳಲ್ಲ."

ಪಿಟ್ಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ ಹಾಕಿದಳು.

"ನೋವಾಗ್ತದಾ?"

"ನೋವಾಗಲ್ಲ. ಹೆದರಿಕೆ ಆಗ್ಬಹುದು, ಗೊತ್ತಿಲ್ದೇ ಇರೋರು ಕೈ ಹಾಕಿದ್ರೆ. ಅದಕ್ಕೇ ಆ ದಿನ ನಾನೇ ಇರ್ತೀನಿ. ಎಂಟು ತಿಂಗಳು ನನ್ನ ಕೈಲಿ ಬೆಳೆದಿದಾವೆ. ಕೊನೆಗೂ ಅದೇ ಕೈ ಇರ್ಬೇಕು. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ."

ಅಜ್ಜಿ ಊಟವಾದ ಮೇಲೆ ನುಂಗುವ ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನೂ ಮೊದ್ಲು ಅವೇ ತಿಂದಿದ್ವಾ?"

"ಅವೇ ಅತ್ತೆ."

ಅಜ್ಜಿ ಇನ್ನೊಮ್ಮೆ ನೋಡಿ ನುಂಗಿದಳು.

ಅಮ್ಮ ಮಾತು ಬದಲಿಸಲೆಂದೋ ಏನೋ ಹೊಸಬನ ವಿಷಯ ತೆಗೆದಳು. ಹೊಸಬನಿಗೆ ವಯಸ್ಸು ಐವತ್ತರ ಹತ್ತಿರ, ತಲೆ ಅರ್ಧ ನೆರೆತಿದೆ. ಮುಂಚೆ ಕೋಳಿ ಫಾರಂನಲ್ಲಿದ್ದ. ಲ್ಯಾಬಿಗೆ ಬಂದು ಆರು ತಿಂಗಳಾಗಿದೆ, ಅದಕ್ಕೆ ಹೊಸಬ. "ಹೋದ ಸೋಮವಾರ ಬಂದು, ಮೇಡಂ, ತಂಗಿ ಮನೆಗೆ ಹೋಗಿದ್ದೆ, ಅವಳ ಮಗ ಒಂದು ಇಲಿ ಸಾಕಿದ್ದಾನೆ, ನನ್ನ ತೊಡೆ ಮೇಲೇ ಕೂತಿತ್ತು ಅಂದ್ರು. ಐದು ದಿನ ರೂಮಿಗೆ ಕಾಲಿಡೋ ಹಾಗಿಲ್ಲ, ಹೋಗಿ ಬಾಟ್ಲಿ ತೊಳೀರಿ ಅಂದೆ. ಐದು ದಿನ ತೊಳೆದ್ರು ಪಾಪ. ನಾಳೆ ಒಳಗೆ ಬರ್ತಾರೆ."

"ಒಂದು ಇಲಿ ಮುಟ್ಟಿದ್ದಕ್ಕೆ ಅಷ್ಟೊಂದಾ?" ಪಿಟ್ಟಿಯ ದನಿ ತೆಳ್ಳಗಾಗಿತ್ತು.

"ಹೊರಗಿನ ಇಲಿ ಮೈಮೇಲಿರೋ ಕ್ರಿಮಿ ಅದಕ್ಕೆ ಬರೀ ನೆಗಡಿ ಕಣೆ. ನಮ್ಮವು ಹುಟ್ಟಿದಾಗಿಂದ ಒಂದು ಕ್ರಿಮಿನೂ ಕಂಡಿಲ್ಲ. ನನ್ನ ಕೂದಲಲ್ಲೋ ಉಗುರಲ್ಲೋ ಒಂದು ಒಳಗೆ ಹೋಯ್ತು ಅಂತಿಟ್ಕೋ. ನಾಲ್ಕನೇ ರೂಮು ಮಾತ್ರ ಅಲ್ಲ, ಎಲ್ಲಾ ರೂಮಿಗೂ ಹರಡ್ತದೆ. ಎಲ್ಲವನ್ನೂ ತೆಗೀಬೇಕು. ಔಷಧಿನೂ ಸಿಗಲ್ಲ, ಏನೂ ಗೊತ್ತಾಗಲ್ಲ. ಸುಮ್‌ಸುಮ್ನೆ ಸಾಯ್ತವೆ." ಅಮ್ಮ ಸಿಟ್ಟಿನಿಂದೇನೂ ಹೇಳಲಿಲ್ಲ. ಬಸ್ಸಿನ ಟೈಮು ಹೇಳುವಂತೆ ಹೇಳಿದಳು.

ಅಜ್ಜಿ ಪಿಟ್ಟಿಯನ್ನು ನೋಡಿದಳು. ಪಿಟ್ಟಿ ನೀರು ಕುಡಿದಳು. ಖಾಲಿ ಲೋಟ.

ಹೇಳಿಬಿಡಬೇಕು ಎಂದು ಸಂಜೆಯವರೆಗೆ ಐದಾರು ಸಲ ಅಂದುಕೊಂಡಳು. ಹೇಳಿದರೆ ಅಮ್ಮ ಮಂಗಳವಾರ ಒಳಗೆ ಹೋಗುವ ಹಾಗಿಲ್ಲ. ನಲವತ್ತು ಇಲಿಗಳಿಗೆ ಕೊನೆಗೆ ಬೇರೆ ಯಾರದೋ ಕೈ. ಹೇಳದಿದ್ದರೆ ಅಮ್ಮ ಬಾಚಣಿಗೆ ಹಿಡಿದ ಕೈಯಲ್ಲೇ ಒಳಗೆ ಹೋಗುತ್ತಾಳೆ. ಆ ಕಡೆ ತಿರುಗಿದರೂ ತಪ್ಪು, ಈ ಕಡೆ ತಿರುಗಿದರೂ ತಪ್ಪು. ಬಟನ್ ಸೀನಿದ್ದು ಒಂದೇ ಸಲ, ಬಹುಶಃ ಧೂಳಿಗೆ ಸೀನಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ.

ಸೋಮವಾರ ಬೆಳಗ್ಗೆ ಅಮ್ಮ ಎಂದಿನ ಹಾಗೆ ಪಡಸಾಲೆಯಿಂದಲೇ ಗುನುಗುತ್ತ ಪಿಟ್ಟಿಯ ಕೋಣೆಗೆ ಬಂದಳು. ಪದಗಳಿಲ್ಲದ ಒಂದು ರಾಗ, ಎರಡು ಸಲ ಮೇಲೆ ಹೋಗಿ ನಿಧಾನಕ್ಕೆ ಕೆಳಗಿಳಿಯುತ್ತದೆ. ರಜೆ ಇರಲಿ, ಬಿಡಲಿ, ಕೆಲಸಕ್ಕೆ ಹೊರಡುವ ಮುಂಚೆ ಹಾಗೆ ಗುನುಗುತ್ತ ಬಂದು, ಹೊದಿಕೆ ಸರಿಮಾಡಿ, ಹಣೆ ಮುಟ್ಟಿ ಹೋಗುತ್ತಾಳೆ. ಪಿಟ್ಟಿ ಎಚ್ಚರವಾಗಿಯೇ ಇದ್ದಳು. ಕಣ್ಣು ಬಿಡಲಿಲ್ಲ. ಬಾಗಿಲು ಮುಚ್ಚಿದ ಸದ್ದಾಯಿತು. ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ಒಂದು ಮಹಡಿ ಇಳಿಯಿತು, ಇನ್ನೊಂದು ಮಹಡಿ ಇಳಿಯಿತು.

ಆಗ ಪಿಟ್ಟಿ ಎದ್ದು ಓಡಿದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಜ್ಜಿಯದು.

ಬಸ್ ಸ್ಟಾಪಿನಲ್ಲಿ ಏಳೆಂಟು ಜನ ಸಾಲು ನಿಂತಿದ್ದರು. ಅಮ್ಮ ಮೂರನೆಯವಳು. ಬಸ್ಸು ತಿರುವಿನಲ್ಲಿ ಆಗಲೇ ಕಾಣುತ್ತಿತ್ತು.

"ಅಮ್ಮ, ಒಳಗೆ ಹೋಗ್ಬೇಡ."

"ಬಸ್ಸಿನ ಒಳಗಾ?"

"ನಾಲ್ಕನೇ ರೂಮಿಗೆ. ಮನೇಲಿ ಹ್ಯಾಮ್‌ಸ್ಟರ್ ಇದೆ. ಶನಿವಾರದಿಂದ ಇದೆ. ಅಜ್ಜಿ ರೂಮಲ್ಲಿ. ನಾನೇ ತಂದಿದ್ದು."

ಬಸ್ಸು ಬಂತು. ಮುಂದಿನ ಇಬ್ಬರು ಹತ್ತಿದರು. ಅಮ್ಮ ಸಾಲಿನಿಂದ ಪಕ್ಕಕ್ಕೆ ಸರಿದಳು. ಹಿಂದಿದ್ದವರೆಲ್ಲ ಹತ್ತಿದ ಮೇಲೆ ಬಸ್ಸು ಹೊರಟುಹೋಯಿತು. ಅಮ್ಮ ಅದರ ಬೆನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು.

ಬೈದಿದ್ದರೆ ಪಿಟ್ಟಿಗೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಬೈಯಲಿಲ್ಲ. ಪ್ರಶ್ನೆ ಕೇಳಿದಳು. "ಎಲ್ಲಿಂದ ತಂದ್ರು ಅದನ್ನ, ಅಂಗಡಿಯಿಂದಾನಾ? ಸೀನ್ತಾ ಇದೆಯಾ? ಎಷ್ಟು ಸಲ? ಕಣ್ಣಲ್ಲಿ ನೀರು? ನೀನು ಮುಟ್ಟಿದ ಮೇಲೆ ಕೈ ತೊಳೆದ್ಯಾ? ನನ್ನ ಬಾಚಣಿಗೆ?"

"ಅದ್ರಲ್ಲೇ ಬಾಚಿದ್ದು ನೀನು. ನನ್ನ ಜಡೆಯೊಳಗೆ ಹೋಗಿತ್ತು ಬಟನ್."

ಅಮ್ಮ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಪಿಟ್ಟಿಗೆ ಅಳು ಬಂತು. ಬಸ್ ಸ್ಟಾಪಿನಲ್ಲಿ ಈಗ ಯಾರೂ ಇರಲಿಲ್ಲವಾದ್ದರಿಂದ ಅತ್ತಳು.

"ನಿನ್ನೆ ಊಟಕ್ಕೆ ಕೂತಾಗ್ಲೇ ಹೇಳ್ಬೇಕಿತ್ತು," ಅಂದಳು ಅಮ್ಮ. ಸ್ವಲ್ಪ ತಡೆದು, "ಬಸ್ ಹತ್ತೋ ಮುಂಚೆ ಹೇಳ್ದೆ," ಎಂದೂ ಸೇರಿಸಿದಳು. ಆಮೇಲೆ ಅಜ್ಜಿಯ ಚಪ್ಪಲಿ ಇದ್ದ ಕಾಲನ್ನು ನೋಡಿದಳು. "ನಡಿ. ಬಿದ್ದುಗಿದ್ದೀಯ."

ಮನೆಗೆ ಬಂದು ಅಮ್ಮ ಮೊದಲು ಲ್ಯಾಬಿಗೆ ಫೋನ್ ಮಾಡಿದಳು. "ನಾನು ಒಳಗೆ ಬರೋ ಹಾಗಿಲ್ಲ. ಹೌದು, ನಾನೇ. ರಿಜಿಸ್ಟರಲ್ಲಿ ಬರ್ಕೊಳ್ಳಿ. ಕಾರಣ, ಮನೆಯಲ್ಲಿ ಹ್ಯಾಮ್‌ಸ್ಟರ್. ಪೂರ್ತಿ ಬರೀರಿ, ಅರ್ಧ ಬೇಡ. ಅದು ವಾಪಸ್ ಹೋಗೋದು ಬುಧವಾರ, ಅಲ್ಲೀವರೆಗೆ ರಜೆ ಹಾಕಿ. ಅಲ್ಲಿಂದ ಐದು ದಿನ ಲೆಕ್ಕ." ಆ ಕಡೆಯಿಂದ ಯಾರೋ ನಕ್ಕಿದ್ದು ಪಿಟ್ಟಿಗೂ ಕೇಳಿಸಿತು. ಈ ನಿಯಮವನ್ನು ಅಲ್ಲಿ ಎಲ್ಲರಿಗೂ ಕಲಿಸಿದವಳು ಅಮ್ಮನೇ. ಅಮ್ಮನ ಕಿವಿ ಕೆಂಪಾಗಿತ್ತು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಸಹಿ ಹಾಕಿದ್ದು ನಾನು. ಬೈಯೋದಾದ್ರೆ ನನ್ನನ್ನೇ ಬೈ."

"ನಿಮ್ಮ ಸಹಿ ಚೆನ್ನಾಗೇ ಇರ್ತದೆ ಅತ್ತೆ," ಎಂದು ಅಮ್ಮ ಒಳಗೆ ಹೋದಳು. ಇದು ಹೊಗಳಿಕೆಯೋ ಬೈಗುಳವೋ ಎಂದು ಅಜ್ಜಿಗೆ ಮಧ್ಯಾಹ್ನದವರೆಗೂ ಗೊತ್ತಾಗಲಿಲ್ಲ.

ಹೇಗೂ ಒಳಗೆ ಹೋಗುವ ಹಾಗಿಲ್ಲವಲ್ಲ, ಅಮ್ಮ ಹೊಲಿಗೆ ಮಿಷನ್ನಿನ ಹಿಂದಿನಿಂದ ಗೂಡನ್ನು ಎತ್ತಿ ಊಟದ ಮೇಜಿನ ಮೇಲಿಟ್ಟಳು. ಸುತ್ತ ಒಂದು ಸುತ್ತು ಬಂದು ನೋಡಿದಳು. ಅಂಗಡಿಯಲ್ಲಿ ತಪ್ಪು ಲೆಕ್ಕ ಹಿಡಿಯುವವರ ಮುಖ.

"ಗಾಲಿ ಚಿಕ್ಕದು, ಬೆನ್ನು ಬಾಗ್ತದೆ. ನೀರಿನ ಬಾಟ್ಲಿ ಎತ್ತರ ಆಯ್ತು, ಕತ್ತು ಚಾಚಿ ಕುಡೀಬೇಕು. ಈ ಹೊಟ್ಟಲ್ಲಿ ಧೂಳು, ಸೀನಿದ್ದು ಇದಕ್ಕೇ ಇರ್ಬಹುದು. ಉಗುರು ನೋಡು, ಕೊಕ್ಕೆ ಆಗಿದೆ. ಕ್ಲಾಸಲ್ಲಿ ಮೂವತ್ತು ಜನ ಇದೀರಿ, ಒಬ್ರೂ ಪಾದ ನೋಡಿಲ್ವಾ?"

ಪಿಟ್ಟಿ ನೋಡಿರಲಿಲ್ಲ. ಎಲ್ಲರೂ ನೋಡುವುದು ಬಟನ್ನಿನ ಮುಖವನ್ನೇ.

ಅಮ್ಮ ಗೂಡಿನ ಬಾಗಿಲು ತೆಗೆದು ಕೈಯನ್ನು ನೆಲಕ್ಕೆ ತಾಗಿಸಿ ಹಾಗೇ ಇಟ್ಟಳು. ಹಿಡಿಯಲು ಹೋಗಲಿಲ್ಲ. ಬಟನ್ ಬಂದು ಮೂಸಿತು, ಹಿಂದೆ ಹೋಯಿತು, ಮತ್ತೆ ಬಂತು. ಎಷ್ಟು ಹೊತ್ತಾಯಿತೆಂದರೆ ಪಿಟ್ಟಿಯ ಕಾಲು ಜೋಮು ಹಿಡಿಯಿತು. ಕೊನೆಗೆ ಅದೇ ಅಂಗೈ ಹತ್ತಿತು. ಅಮ್ಮ ಇನ್ನೊಂದು ಕೈಯಿಂದ ಮುಚ್ಚಿ, ಎದೆಗೆ ಒತ್ತಿ ಹಿಡಿದು, ಒಂದೊಂದೇ ಪಾದ ಹೊರಗೆ ತೆಗೆದು ಉಗುರಿನ ತುದಿ ಕತ್ತರಿಸಿದಳು. ಶಾಲೆಯಲ್ಲಿ ಯಾರು ಹಿಡಿದರೂ ಒದ್ದಾಡುವ ಬಟನ್ ಮಿಸುಕಾಡಲಿಲ್ಲ.

ಅಮ್ಮನ ಕೆಲಸವನ್ನು ಪಿಟ್ಟಿ ನೋಡಿದ್ದು ಅದೇ ಮೊದಲು. ಲ್ಯಾಬಿನೊಳಗೆ ಮಕ್ಕಳನ್ನು ಬಿಡುವುದಿಲ್ಲ, ದೊಡ್ಡವರನ್ನೂ ಬಿಡುವುದಿಲ್ಲ. ನೀರಿಗೆ ಬಿರಿದು ಒರಟಾದ ಆ ಕೈಗಳು ಇಷ್ಟು ನಿಧಾನ ಇರಬಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ತಲೆ ಬಾಚುವಾಗಂತೂ ಇಷ್ಟು ನಿಧಾನ ಇರುವುದಿಲ್ಲ.

ಸಂಜೆ ಹೊಸಬ ಫೋನ್ ಮಾಡಿದ. ಅಮ್ಮ ಪಾತ್ರೆ ತೊಳೆಯುತ್ತಿದ್ದರಿಂದ ಪಿಟ್ಟಿ ಸ್ಪೀಕರ್ ಒತ್ತಿ ಫೋನನ್ನು ಹಿಡಿದುಕೊಂಡಳು.

"ಮೇಡಂ, ಬಾಟ್ಲಿ ತೊಳೆಯೋದಕ್ಕೆ ಯಾವಾಗ ಬರ್ತೀರಿ? ಬ್ರಷ್ಷು ನಿಮಗೇ ಅಂತ ಎತ್ತಿಟ್ಟಿದೀನಿ."

ಅಮ್ಮನಿಗೂ ನಗು ಬಂತು. ಆಮೇಲೆ ಇಬ್ಬರೂ ನಗು ನಿಲ್ಲಿಸಿದರು.

"ನಾಳೆ ನೀವೇ ಅಂತೆ," ಅಂದಳು ಅಮ್ಮ.

"ನಾನೇ ಅಂತ ಹೇಳಿದಾರೆ. ಕೋಳಿ ಹಿಡಿದ ಕೈ ಮೇಡಂ ನಂದು. ನನಗೇ ಒಂದು ಥರ ಆಗ್ತಾ ಇದೆ."

"ಕೇಳಿ. ಹತ್ತು ಗಂಟೆಗೆ ಶುರು ಮಾಡಿ. ಆತುರ ಬೇಡ. ಒಂದೇ ಗೂಡಲ್ಲಿ ಇರೋವನ್ನ ಜೊತೇಲೇ ತಗೊಳ್ಳಿ, ಬೇರೆ ಮಾಡ್ಬೇಡಿ. ಮೇಲಿಂದ ಕೈ ಹಾಕ್ಬೇಡಿ, ಹದ್ದು ಬಂತು ಅಂದ್ಕೊಳ್ತವೆ. ಕೆಳಗಿಂದ ಕೈ ಇಟ್ಟು ಕಾಯ್ರಿ, ತಾವಾಗೇ ಬರ್ತವೆ. ಹದಿನೇಳು ಇರೋ ಗೂಡನ್ನ ಕೊನೆಗೆ ಇಟ್ಕೋಬೇಡಿ. ಕಾಯೋದು ಅದಕ್ಕೆ ಆಗಲ್ಲ. ಮೊದ್ಲು ಅದನ್ನೇ."

"ಆಯ್ತು ಮೇಡಂ."

"ಮತ್ತೆ, ಬಾಗಿಲ ಹೊರಗಿಂದ್ಲೇ ಗುನುಗ್ತಾ ಹೋಗಿ. ಅವಕ್ಕೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಚುರುಕು. ಯಾರು ಬಂದ್ರು ಅಂತ ಮೊದ್ಲೇ ಗೊತ್ತಾದ್ರೆ ಬೆಚ್ಚಲ್ಲ."

"ಅಯ್ಯೋ, ಹಾಡೆಲ್ಲ ನನ್ನ ಕೈಲಿ ಎಲ್ಲಾಗ್ತದೆ ಮೇಡಂ? ನಾನು ಹಾಡಿದ್ರೆ ನಮ್ಮನೆಯೋರೇ ಎದ್ದು ಹೋಗ್ತಾರೆ."

"ಹಾಡಲ್ಲ. ಇಷ್ಟೇ." ಅಮ್ಮ ತೊಳೆಯುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಗುನುಗಿದಳು. ಎರಡು ಸಲ ಮೇಲೆ ಹೋಗಿ, ನಿಧಾನಕ್ಕೆ ಕೆಳಗಿಳಿಯುವ ರಾಗ.

ಪಿಟ್ಟಿಯ ಕೈಯಲ್ಲಿದ್ದ ಫೋನು ಸ್ವಲ್ಪ ಕೆಳಗಿಳಿಯಿತು. ಅದು ಅವಳ ರಾಗ. ಹುಟ್ಟಿದಾಗಿನಿಂದ ಬೆಳಗ್ಗೆ ಬೆಳಗ್ಗೆ ಕೇಳಿದ ರಾಗ. ಅಮ್ಮ ಅದನ್ನು ಮನೆಯಲ್ಲಿ ಬೇರೆ ಯಾರ ಹತ್ತಿರವೂ ಗುನುಗುವುದಿಲ್ಲ, ಅಪ್ಪನ ಹತ್ತಿರ ಕೂಡ. ಅದು ತನಗೊಬ್ಬಳಿಗೇ ಎಂದು ಅವಳು ಎಣಿಸಿದ್ದಳು. ನಲವತ್ತು ಇಲಿಗಳ ಜೊತೆ ಅದನ್ನು ಹಂಚಿಕೊಂಡಿದ್ದೇನೆಂದು ಈಗ ತಿಳಿಯಿತು. ಹೊಟ್ಟೆಕಿಚ್ಚು ಆಯಿತು, ಸುಳ್ಳು ಹೇಳಬಾರದು.

ಹೊಸಬ ಗುನುಗಿ ತೋರಿಸಿದ. ಮೇಲೆ ಹೋಗುವಲ್ಲಿ ಕೆಳಗೆ ಹೋದ. ಇನ್ನೊಮ್ಮೆ ಗುನುಗಿದ. ಅಜ್ಜಿ ತನ್ನ ಕೋಣೆಯಿಂದ ಇಣುಕಿ ನೋಡಿದಳು.

"ಹಾಗಲ್ಲ," ಎಂದು ಪಿಟ್ಟಿಯ ಬಾಯಿಂದ ಬಂದೇಬಿಟ್ಟಿತು. "ಎರಡನೇ ಸಲ ಇನ್ನೂ ಸ್ವಲ್ಪ ಮೇಲೆ. ಆಮೇಲೆ ನಿಲ್ಲಿಸ್ಬೇಕು. ಆಮೇಲೆ ಇಳೀಬೇಕು." ಅವಳೇ ಗುನುಗಿ ತೋರಿಸಿದಳು. ಹೊಸಬ ಅವಳ ಹಿಂದೆ ಗುನುಗಿದ. ನಾಲ್ಕೈದು ಸಲ ಆಯಿತು. ಅಮ್ಮ ನಲ್ಲಿ ನಿಲ್ಲಿಸಿ ಸುಮ್ಮನೆ ಕೇಳುತ್ತ ನಿಂತಳು.

ಮಂಗಳವಾರ ಬೆಳಗ್ಗೆ ಮನೆಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಒಂಬತ್ತೂವರೆಗೆ ಅಮ್ಮ ಸ್ನಾನ ಮಾಡಿ ಬಂದು ಊಟದ ಮೇಜಿನ ಮುಂದೆ ಕೂತಳು. ಹತ್ತಕ್ಕೆ ಐದು ನಿಮಿಷ ಇರುವಾಗ ಗಡಿಯಾರ ನೋಡಿದಳು. ಆಮೇಲೆ ಅದರ ಕಡೆ ನೋಡಲಿಲ್ಲ. ಎರಡೂ ಕೈಗಳು ಮೇಜಿನ ಮೇಲೆ ಅಂಗೈ ಮೇಲೆ ಮಾಡಿಕೊಂಡು ಬಿದ್ದಿದ್ದವು. ಯಾವತ್ತೂ ಏನಾದರೂ ಮಾಡುತ್ತಲೇ ಇರುವ ಆ ಕೈಗಳಿಗೆ ಆಗ ಮಾಡುವುದಕ್ಕೆ ಏನೂ ಇರಲಿಲ್ಲ.

ಪಿಟ್ಟಿಗೆ ತಪ್ಪಾಯ್ತು ಎನ್ನಬೇಕೆನಿಸಿತು. ಅದನ್ನು ನಿನ್ನೆಯಿಂದ ಮೂರು ಸಲ ಹೇಳಿಯಾಗಿತ್ತು. ನಾಲ್ಕನೆಯ ಸಲ ಹೇಳಿದರೆ ಅಮ್ಮ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೆ ಹೇಳಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ಎಳೆದುಕೊಂಡು ಪಕ್ಕದಲ್ಲಿ ಕೂತಳು.

ಹನ್ನೊಂದೂ ಮುಕ್ಕಾಲಿಗೆ ಫೋನ್ ಬಂತು.

"ಆಯ್ತು ಮೇಡಂ," ಅಂದ ಹೊಸಬ.

"ಹದಿನೇಳು?"

"ಮೊದ್ಲು ಅದೇ. ಕೆಳಗಿಂದ ಕೈ ಇಟ್ಟೆ. ಬಂದು ಗ್ಲೌಸ್ ಎಳೀತು, ಆಮೇಲೆ ತಾನಾಗೇ ಹತ್ತಿತು." ಹೊಸಬ ಮುಂದುವರಿಸಿದ. "ರಾಗ ಅಲ್ಲಲ್ಲಿ ತಪ್ಪಿತು ಮೇಡಂ. ಆದ್ರೆ ಬೆಚ್ಚಲಿಲ್ಲ. ಒಂದೂ ಬೆಚ್ಚಲಿಲ್ಲ."

"ಥ್ಯಾಂಕ್ಸ್," ಅಂದಳು ಅಮ್ಮ. ಫೋನ್ ಇಟ್ಟು ಎದ್ದು, ಸಿಂಕಿನ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ಬೆರಳ ಸಂದಿ, ಉಗುರು, ಮಣಿಕಟ್ಟು. ಮತ್ತೆ ಮೊದಲಿನಿಂದ. ತೊಳೆಯಲು ಕೈಯಲ್ಲಿ ಏನೂ ಇರಲಿಲ್ಲ. ಪಿಟ್ಟಿ ಟವೆಲ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು, ತೊಳೆದು ಮುಗಿಯುವವರೆಗೆ.

ಬುಧವಾರ ಬಟನ್ ಶಾಲೆಗೆ ಮರಳಿತು. ಶಾಲೆ ಬಣ್ಣದ ವಾಸನೆ ಹೊಡೆಯುತ್ತಿತ್ತು. ಗೂಡಿನಲ್ಲಿ ಧೂಳಿಲ್ಲದ ಕಾಗದದ ಚೂರು, ಬಾಟಲಿ ಎರಡು ಬೆರಳು ಕೆಳಗೆ, ಬಾಗಿಲಿನ ಪಕ್ಕ ಅಮ್ಮನ ಅಕ್ಷರದಲ್ಲಿ ಒಂದು ಕಾರ್ಡು: 'ಬಟನ್. ಗಂಡು. ತೂಕ ನೂರಹತ್ತು ಗ್ರಾಂ. ಉಗುರು ಕತ್ತರಿಸಿದೆ. ದೊಡ್ಡ ಗಾಲಿ ಬೇಕು.'

ಕನ್ನಡಕ ತನ್ನ ಕನ್ನಡಕ ತೆಗೆದು ಒರೆಸಿದ. "ನಿಮ್ಮಮ್ಮ ಸೂಜಿ ಚುಚ್ಚಿದ್ರಾ?"

"ಇಲ್ಲ. ಉಗುರು ಕತ್ತರಿಸಿದ್ರು."

"ಆದ್ರೆ ಲ್ಯಾಬಲ್ಲಿ ಇಲಿಗಳು ಸಾಯ್ತವೆ ಅಲ್ವಾ?"

"ಸಾಯ್ತವೆ," ಅಂದಳು ಪಿಟ್ಟಿ. ಜಗಳಕ್ಕೆ ಸಿದ್ಧನಾಗಿ ಬಂದಿದ್ದವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಅವನು ಗೂಡಿನ ಮೇಲಿನ ಮುಚ್ಚಳ ತೆಗೆದು ಕೈ ಇಳಿಬಿಟ್ಟ. ಬಟನ್ ಮೂಲೆಗೆ ಓಡಿತು.

"ಮೇಲಿಂದ ಬೇಡ. ಈ ಕಡೆಯಿಂದ ಕೈ ಇಟ್ಟು ಸುಮ್ನಿರು."

"ಎಷ್ಟು ಹೊತ್ತು?"

"ಅದು ಬರೋವರೆಗೆ."

ಐದು ದಿನ ಕಳೆದು ಸೋಮವಾರ ಬಂತು. ಪಿಟ್ಟಿಗೆ ಬೇಗ ಎಚ್ಚರವಾಗಿತ್ತು. ಅಡುಗೆಮನೆಯಲ್ಲಿ ಅಜ್ಜಿ ಅಮ್ಮನನ್ನು ಕೇಳುತ್ತಿದ್ದಳು, "ಇವತ್ತು ಏನು ಕೆಲ್ಸ ನಿಂಗೆ? ಆ ರೂಮು ಖಾಲಿ ಅಲ್ವಾ?"

"ಶುಕ್ರವಾರ ಹೊಸ ಮರಿಗಳು ಬಂದಿವೆ ಅತ್ತೆ. ನಲವತ್ತು. ತುಂಬ ಹೆದರಿಕೊಂಡಿವೆಯಂತೆ. ಅವಕ್ಕೆ ಇನ್ನೂ ಯಾರೂ ಗೊತ್ತಿಲ್ಲ."

ಆಮೇಲೆ ಪಡಸಾಲೆಯಲ್ಲಿ ಹೆಜ್ಜೆಗಳು. ಹೆಜ್ಜೆಗಳಿಗಿಂತ ಮುಂಚೆ ರಾಗ. ಒಮ್ಮೆ ಮೇಲೆ ಹೋಯಿತು, ಇನ್ನೊಮ್ಮೆ ಇನ್ನೂ ಸ್ವಲ್ಪ ಮೇಲೆ ಹೋಗಿ ನಿಂತಿತು. ಪಿಟ್ಟಿ ಕಣ್ಣು ಮುಚ್ಚಿಕೊಂಡೇ ಇದ್ದಳು. ರಾಗ ಪೂರ್ತಿ ಇಳಿದು, ಅಮ್ಮನ ಒರಟು ಕೈ ಹಣೆಗೆ ತಾಗುವವರೆಗೂ ಮಿಸುಕಾಡಲಿಲ್ಲ. ಆಮೇಲೆ ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು, ಬಸ್ಸು ತಪ್ಪಿಹೋಗದ ಹಾಗೆ ಬಿಟ್ಟಳು.